ನಮ್ಮೂರಿನ ರಾಜಕಾಲುವೆಯನ್ನು ಓದಿದ ವರ್ಷ

ಮನೆ ಹಿಂದಿನ ರಾಜಕಾಲುವೆಯಿಂದ ನಾನು ಬಾಟಲಿಗಳಲ್ಲಿ ನೀರು ತುಂಬಿಸಿಕೊಳ್ಳುವುದನ್ನು ಮೊದಲು ಕಂಡವರು ನಮ್ಮ ದೊಡ್ಡಪ್ಪ. ಬೆಳಿಗ್ಗೆ ಹಾಲು ತರಲು ಹೊರಟಿದ್ದವರು ಮೋರಿಯ ಮೇಲೆ ಸ್ಕೂಟರ್ ನಿಲ್ಲಿಸಿ, ಕೆಳಗೆ ಗಂಬೂಟು ಹಾಕಿಕೊಂಡು ಬಗ್ಗಿ ನಿಂತಿದ್ದ ನನ್ನನ್ನು ಸ್ವಲ್ಪ ಹೊತ್ತು ನೋಡಿದರು.

"ಏನಮ್ಮ ಅದು?"

"ನೀರು ದೊಡ್ಡಪ್ಪ. ಲ್ಯಾಬಿಗೆ."

"ನಿನ್ ಓದು ಪೂರ್ತಿ ಕಂಪ್ಯೂಟರಲ್ಲೇ ಅಂದಿದ್ದೆ?"

"ಕಂಪ್ಯೂಟರಲ್ಲೇ. ಆದ್ರೆ ಅದಕ್ಕೆ ಓದಕ್ಕೆ ಏನಾದ್ರೂ ಕೊಡ್ಬೇಕಲ್ಲ."

ಅವರು ನಕ್ಕರು. "ಮನೆಯೊಳಗೆ ಮಾತ್ರ ತರ್ಬೇಡ, ನಿಮ್ಮಮ್ಮ ಬೈತಾಳೆ" ಎಂದು ಸ್ಕೂಟರ್ ಒದ್ದು ಹೊರಟರು. ಆ ಕಾಲುವೆಯ ವಿಷಯದಲ್ಲಿ ಅವರು ನನ್ನೊಂದಿಗೆ ನಕ್ಕು ಮಾತಾಡಿದ್ದು ಅದೇ ಕೊನೆ.

ನಮ್ಮೂರು ಕೆ.ಆರ್. ಪುರಂನಿಂದ ಒಳಕ್ಕೆ, ಒಂದು ಕೆರೆಯ ಏರಿಯ ಪಕ್ಕದಲ್ಲಿದೆ. ಊರು ಎನ್ನುವುದು ಈಗ ನಮ್ಮ ಬಾಯಲ್ಲಷ್ಟೇ ಉಳಿದಿದೆ. ಅಜ್ಜನ ಕಾಲದಲ್ಲಿ ದ್ರಾಕ್ಷಿ ಚಪ್ಪರವಿದ್ದ ಕಡೆ ಪಿಜಿಗಳಿವೆ, ಸೊಪ್ಪಿನ ಮಡಿಗಳಿದ್ದ ಕಡೆ ಅಪಾರ್ಟ್‌ಮೆಂಟಿನ ಕಾಂಪೌಂಡ್ ಗೋಡೆ. ಕೆರೆಯ ಕೆಳಗೆ ನಾಲ್ಕಾರು ಮನೆಯವರು ಮಾತ್ರ ಇನ್ನೂ ದಂಟು, ಪಾಲಕ್ ಬೆಳೆದು ಮಾರುತ್ತಾರೆ. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡರು. ಆಮೇಲೆ ನನ್ನನ್ನು ಶಾಲೆಗೆ ಬಿಟ್ಟದ್ದು, ಕಾಲೇಜಿಗೆ ಸೇರಿಸಿದ್ದು, ಮದುವೆಗೆ ಅವಸರ ಮಾಡಿದ ನೆಂಟರ ಬಾಯಿ ಮುಚ್ಚಿಸಿದ್ದು ಎಲ್ಲ ದೊಡ್ಡಪ್ಪನೇ. ಅವರದು ಕೆಳಗಿನ ಮನೆ, ನಮ್ಮದು ಅದರ ಮೇಲಿನದು. ಹೀಗಾಗಿ ಮುಂದೆ ನಡೆದದ್ದನ್ನು ಬರೆಯುವಾಗ ಅವರನ್ನು ಕೆಟ್ಟವರೆಂದು ತೋರಿಸುವ ಇಚ್ಛೆ ನನಗಿಲ್ಲ. ನಾನು ಮಾಡಿದ್ದು ತಪ್ಪು ಎಂದು ಒಪ್ಪಿಕೊಳ್ಳುವ ಇಚ್ಛೆಯಂತೂ ಇಲ್ಲವೇ ಇಲ್ಲ.

ನನ್ನ ಲ್ಯಾಬು ಹಲಸೂರು ಕೆರೆಗೆ ಹತ್ತಿರದ ಒಂದು ಸಣ್ಣ ಸಂಶೋಧನಾ ಸಂಸ್ಥೆಯಲ್ಲಿತ್ತು. ಅಲ್ಲಿ ನಾನು ಮಾಡುತ್ತಿದ್ದ ಕೆಲಸವನ್ನು ವಿವರಿಸುವುದು ಅಷ್ಟು ಕಷ್ಟವಲ್ಲ, ಆದರೂ ನಮ್ಮ ಮನೆಗೆ ಬಂದ ಗಂಡಿನ ಕಡೆಯವರಿಗೆ ಮಾತ್ರ ಅದು ಎಂದೂ ಅರ್ಥವಾಗಲಿಲ್ಲ. ಒಂದು ಬಾಟಲಿ ಮೋರಿ ನೀರನ್ನು ತೆಳುವಾದ ಫಿಲ್ಟರಿನಲ್ಲಿ ಸೋಸಿದರೆ ಅದರಲ್ಲಿರುವ ಬ್ಯಾಕ್ಟೀರಿಯಾಗಳು ಮೇಲೆ ಉಳಿಯುತ್ತವೆ. ಅವನ್ನೊಡೆದು ಡಿಎನ್‌ಎ ತೆಗೆದು ಯಂತ್ರದಲ್ಲಿ ಓದಿಸಿದರೆ ಕೋಟಿಗಟ್ಟಲೆ ಚೂರುಗಳ ಅಕ್ಷರಗಳು ಕಂಪ್ಯೂಟರಿಗೆ ಬರುತ್ತವೆ. ಯಾವ ಚೂರು ಯಾರದು ಎಂದು ಅದರ ಮೇಲೆ ಬರೆದಿರುವುದಿಲ್ಲ. ಪ್ರಪಂಚದ ಬೇರೆ ಬೇರೆ ಲ್ಯಾಬುಗಳು ಈಗಾಗಲೇ ಗುರುತಿಸಿಟ್ಟಿರುವ ಜೀನುಗಳ ಜೊತೆ ಈ ಚೂರುಗಳನ್ನು ಹೋಲಿಸುವ ಪ್ರೋಗ್ರಾಮು ಬರೆದು, ಆ್ಯಂಟಿಬಯೋಟಿಕ್‌ಗೆ ಬಗ್ಗದಂಥ ಶಕ್ತಿಯನ್ನು ಬ್ಯಾಕ್ಟೀರಿಯಾಗಳಿಗೆ ಕೊಡುವ ಜೀನುಗಳು ಈ ನೀರಿನಲ್ಲಿ ಎಷ್ಟಿವೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ.

ಒಮ್ಮೆ ಹೊಸಕೋಟೆ ಕಡೆಯಿಂದ ಬಂದಿದ್ದ ಹುಡುಗನ ತಾಯಿ ಇದನ್ನೆಲ್ಲ ಕೇಳಿ, "ಅಂದ್ರೆ ಕಕ್ಕಸ್ ನೀರು ನೋಡೋದಾ?" ಎಂದರು. "ಹೌದು" ಎಂದೆ. ಅಮ್ಮ ಅಡುಗೆಮನೆಯಿಂದ ಕಾಫಿ ತರುವ ಹೊತ್ತಿಗೆ ಮಾತುಕತೆ ಮುಗಿದಿತ್ತು.

ನೀರು ತರುವ ಕೆಲಸದಲ್ಲಿ ನನ್ನ ಜೊತೆಗಿದ್ದವಳು ಧಾರವಾಡದ ಕಡೆಯ ಗೆಳತಿ. ಅದೇ ಲ್ಯಾಬಿನವಳು, ಬೈಯಪ್ಪನಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದಳು. ನಾನು ಕಂಪ್ಯೂಟರಿನಲ್ಲಿ ಜೀನು ಹುಡುಕಿದರೆ ಅವಳು ಗಾಜಿನ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ನೋಡುತ್ತಿದ್ದಳು. ಬಾಟಲಿಗಳನ್ನು ತಣ್ಣಗಿಡಲು ಒಳ್ಳೆಯ ಡಬ್ಬಿ ಬೇಕೆಂದು ಇಬ್ಬರೂ ಶಿವಾಜಿನಗರದ ಮೀನು ಮಾರ್ಕೆಟ್ಟಿಗೆ ಹೋಗಿದ್ದೆವು. ಥರ್ಮಾಕೋಲ್ ಡಬ್ಬಿ, ಐಸು ಎರಡನ್ನೂ ಕೊಂಡೆವು, ಮೀನು ಮಾತ್ರ ಬೇಡವೆಂದೆವು. ಅಂಗಡಿಯವನಿಗೆ ಸಮಾಧಾನವಾಗಲಿಲ್ಲ.

"ಮಛ್ಲಿ ಬೇಡ್ವಾ? ಖಾಲಿ ಡಬ್ಬಾ ಲೇಕೆ ಕ್ಯಾ ಕರ್ತೇ ಮ್ಯಾಡಂ?"

"ಮೋರಿ ನೀರು ತುಂಬಿಡ್ತೀವ್ರಿ" ಎಂದಳು ಗೆಳತಿ.

ಅವನು ಪಕ್ಕದ ಅಂಗಡಿಯವನಿಗೆ ಅದನ್ನು ತಮಿಳಿನಲ್ಲಿ ಹೇಳಿ, ಇಬ್ಬರೂ ಸೇರಿ ನಕ್ಕು, ಇನ್ನೊಂದು ಬೊಗಸೆ ಐಸು ಹಾಕಿಕೊಟ್ಟ.

ನಮ್ಮೂರ ಕಾಲುವೆಯಲ್ಲಿ ಮೂರು ಕಡೆ ನೀರು ತೆಗೆಯುತ್ತಿದ್ದೆವು: ಊರಿಗೆ ಬರುವ ಮುಂಚಿನ ಮೇಲಿನ ಮೋರಿ, ಊರು ದಾಟಿದ ಮೇಲಿನ ಕೆಳಗಿನ ಮೋರಿ, ಆಮೇಲೆ ಕಾಲುವೆ ಕೆರೆಗೆ ಸೇರುವ ಜಾಗ. ಬೇರೆ ಯಾವ ಔಷಧಿಯೂ ನಾಟದಿದ್ದಾಗ ಆಸ್ಪತ್ರೆಗಳಲ್ಲಿ ಕೊನೆಗೆಂದು ಕೊಡುವ ಕೆಲವು ಇಂಜೆಕ್ಷನ್ನುಗಳಿವೆ. ಅವನ್ನೂ ಒಡೆದುಹಾಕುವ ಜೀನುಗಳ ಒಂದು ಗುಂಪಿದೆ. ಮೇಲಿನ ಮೋರಿಯಲ್ಲಿ ಅದು ಅಲ್ಲೊಂದು ಇಲ್ಲೊಂದು ಎಂಬಷ್ಟಿತ್ತು. ಕೆಳಗಿನ ಮೋರಿಯಲ್ಲಿ ಗ್ರಾಫಿನ ಕಂಬ ಪರದೆಯ ಮೇಲಂಚಿಗೆ ಹೋಗಿ ಮುಟ್ಟಿತ್ತು.

ಮೊದಲು ನನಗೆ ಬಂದದ್ದು ನನ್ನ ಮೇಲೆಯೇ ಅನುಮಾನ. ಬಾಟಲಿ ಅದಲುಬದಲಾಗಿರಬಹುದು, ಪ್ರೋಗ್ರಾಮಿನಲ್ಲಿ ತಪ್ಪಿರಬಹುದು. ಮತ್ತೆ ನೀರು ತಂದೆವು. ಮಳೆ ಬಂದ ವಾರವೂ, ಬಾರದ ವಾರವೂ ತಂದೆವು. ಕಂಬ ಇಳಿಯಲಿಲ್ಲ.

ನಮಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಗ್ರಾಫನ್ನು ನೋಡಿ, "ಎರಡು ಮೋರಿಗಳ ನಡುವೆ ಮನೆಗಳಿವೆ ಅಲ್ವಾ? ಹೆಚ್ಚು ಜನ, ಹೆಚ್ಚು ಕೊಳಚೆ, ಹೆಚ್ಚು ಜೀನು. ಅಷ್ಟೇ ಇರಬಹುದು" ಎಂದರು. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ನನ್ನ ಹತ್ತಿರವಿದ್ದ ಆ ಚೂರುಗಳಲ್ಲೇ ಇತ್ತು. ಮನುಷ್ಯರ ಕರುಳಿನ ಬ್ಯಾಕ್ಟೀರಿಯಾಗಳನ್ನೇ ಆಶ್ರಯಿಸಿ ಬದುಕುವ ಒಂದು ವೈರಸ್ ಇದೆ. ಅದರಿಂದ ಯಾರಿಗೂ ಕಾಯಿಲೆಯಿಲ್ಲ, ಆದರೆ ನೀರಿನಲ್ಲಿ ಅದು ಎಷ್ಟಿದೆ ಎಂದು ನೋಡಿದರೆ ಮನುಷ್ಯರ ಮಲ ಎಷ್ಟು ಸೇರಿದೆ ಎಂದು ಹೇಳಬಹುದು. ಕೊಳಚೆ ಹೆಚ್ಚಾದದ್ದರಿಂದಲೇ ಜೀನು ಹೆಚ್ಚಾಗಿದ್ದರೆ ಎರಡೂ ಒಟ್ಟಿಗೆ ಏರಬೇಕು. ಲೆಕ್ಕ ಹಾಕಿದೆ. ವೈರಸ್ ಎರಡು ಮೋರಿಗಳಲ್ಲೂ ಹೆಚ್ಚುಕಡಿಮೆ ಒಂದೇ ಸಮನಿತ್ತು. ಜೀನು ಮಾತ್ರ ಒಂಟಿಯಾಗಿ ಏರಿತ್ತು. ಮನೆಗಳ ಕೊಳಚೆಯಲ್ಲದ ಬೇರೇನೋ ಆ ಎರಡು ಮೋರಿಗಳ ನಡುವೆ ಕಾಲುವೆಗೆ ಸೇರುತ್ತಿತ್ತು.

ಆ ಎರಡು ಮೋರಿಗಳ ನಡುವೆ ಏನೇನಿದೆ ಎಂದು ತಿಳಿಯಲು ಯಾವ ನಕ್ಷೆಯನ್ನೂ ನೋಡಬೇಕಾಗಿರಲಿಲ್ಲ. ನಾನು ಸೈಕಲ್ ಕಲಿತ ರಸ್ತೆ ಅದು. ಒಂದಷ್ಟು ಮನೆ, ಒಂದು ಗ್ಯಾರೇಜು, ಒಂದು ನರ್ಸಿಂಗ್ ಹೋಮು. ನರ್ಸಿಂಗ್ ಹೋಮು ಇದ್ದದ್ದು ನಮ್ಮ ಹಳೆಯ ದ್ರಾಕ್ಷಿ ತೋಟದ ಜಾಗದಲ್ಲಿ. ಕಟ್ಟಡ ಕಟ್ಟಿಸಿ ಬಾಡಿಗೆಗೆ ಕೊಟ್ಟವರು ದೊಡ್ಡಪ್ಪ. ಆ ಬಾಡಿಗೆಯಲ್ಲಿ ಅಪ್ಪನ ಪಾಲೆಂದು ಅಮ್ಮನಿಗೂ ಒಂದು ಭಾಗ ಬರುತ್ತಿತ್ತು.

ಗೆಳತಿಗೆ ಹೇಳಿದೆ. ಅವಳು, "ಮೊದ್ಲ ಇದು ಜೀವಂತ ಐತೋ ಇಲ್ಲೋ ನೋಡೂಣು. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಸುದ್ಧಾ ನಿನ್ನ ಕಂಪ್ಯೂಟರಿಗೆ ಕಾಣಸ್ತೈತಿ" ಎಂದಳು. ಕೊನೆಗೆಂದು ಕೊಡುವ ಆ ಇಂಜೆಕ್ಷನ್ನಿನ ಔಷಧಿಯನ್ನೇ ಬೆರೆಸಿದ ತಟ್ಟೆಗಳ ಮೇಲೆ ಕೆಳಗಿನ ಮೋರಿಯ ನೀರನ್ನು ಸವರಿ ಇಟ್ಟಳು. ಔಷಧಿ ಕೆಲಸ ಮಾಡುವಂತಿದ್ದರೆ ಅಲ್ಲಿ ಏನೂ ಬೆಳೆಯಬಾರದು. ಮರುದಿನ ನಾನು ಲ್ಯಾಬಿಗೆ ಹೋದಾಗ ಅವಳು ತಟ್ಟೆಯನ್ನು ಬೆಳಕಿಗೆ ಹಿಡಿದುಕೊಂಡು ನಿಂತಿದ್ದಳು. "ಭಾಳ ಬೆಳದೈತಿ ನೋಡು" ಎಂದಳಷ್ಟೇ. ತಟ್ಟೆಯ ತುಂಬ ಚುಕ್ಕೆಗಳು ಒತ್ತೊತ್ತಾಗಿ ಎದ್ದಿದ್ದವು.

ನಾನು ಮೊದಲು ಹೋದದ್ದು ನರ್ಸಿಂಗ್ ಹೋಮಿನ ಡಾಕ್ಟರ ಹತ್ತಿರಕ್ಕೇ. ಊರಿನವರ ಬೆನ್ನ ಹಿಂದೆ ಮಾತಾಡುವುದು ನನಗೆ ಸೇರುವುದಿಲ್ಲ. ಅವರು ವಯಸ್ಸಾದವರು, ಮೊದಲು ಊರ ನಡುವೆ ಒಂದು ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದವರು. ಅಪ್ಪನಿಗೆ ಎದೆನೋವು ಬಂದ ದಿನ ಓಡಿಬಂದು ಕೈ ಹಿಡಿದು ನೋಡಿದವರು.

"ಕೂತ್ಕೋಮ್ಮ. ದೊಡ್ಡ ಸೈಂಟಿಸ್ಟ್ ಆಗ್ತಿದ್ದೀಯಂತೆ, ನಿಮ್ಮ ದೊಡ್ಡಪ್ಪ ಹೇಳ್ತಿರ್ತಾರೆ" ಎಂದರು.

ನಾನು ಗ್ರಾಫು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, "ಮೋರಿ ಅಂದ್ಮೇಲೆ ಎಲ್ಲಾ ಇರುತ್ತೆ. ಇಡೀ ಲೇಔಟಿನ ಕೊಳಚೆ ಅದ್ರಲ್ಲೇ ಹರಿಯುತ್ತೆ. ನಮ್ದೇ ಅಂತ ಹೆಂಗೆ ಹೇಳ್ತೀಯ?" ಎಂದರು.

ವೈರಸ್ಸಿನ ಲೆಕ್ಕ ಹೇಳಿದೆ.

"ಇದೆಲ್ಲ ಕಂಪ್ಯೂಟರ್ ಮಾತು. ಜೀನ್ ಇದ್ದ ಮಾತ್ರಕ್ಕೆ ಬದುಕಿರೋ ಬ್ಯಾಕ್ಟೀರಿಯಾ ಇದೆ ಅಂತಲ್ಲ. ನಾನೂ ಓದಿದ್ದೀನಮ್ಮ."

"ಸರಿಯಾಗೇ ಹೇಳ್ತಿದ್ದೀರ ಡಾಕ್ಟ್ರೇ. ಅದಕ್ಕೇ ಬೆಳೆಸಿ ನೋಡಿದ್ವಿ." ತಟ್ಟೆಯ ಫೋಟೋ ಮುಂದಿಟ್ಟೆ.

ಅವರು ಅದನ್ನು ಮುಟ್ಟಲಿಲ್ಲ.

"ನಿಮ್ಮ ನೀರು ಶುದ್ಧ ಮಾಡೋ ಘಟಕ ಒಂದ್ಸಲ ನೋಡ್ಬಹುದಾ?" ಎಂದು ಕೇಳಿದೆ. ಆಸ್ಪತ್ರೆಯ ನೀರನ್ನು ಹೊರಗೆ ಬಿಡುವ ಮುಂಚೆ ಅಲ್ಲಿಯೇ ಶುದ್ಧ ಮಾಡಬೇಕು, ಅದಕ್ಕೊಂದು ಘಟಕ ಇರಬೇಕು.

"ನೋಡ್ಕೊಳ್ಳೋ ಹುಡುಗ ಇವತ್ತು ಬಂದಿಲ್ಲ. ಮುಂದಿನ ವಾರ ಬಾ."

ಮುಂದಿನ ವಾರ ಹೋದಾಗ ಡಾಕ್ಟ್ರು ಆಪರೇಷನ್ನಿನಲ್ಲಿದ್ದಾರೆ ಎಂದರು. ಅದರ ಮುಂದಿನ ವಾರವೂ ಆಪರೇಷನ್ನಿನಲ್ಲೇ ಇದ್ದರು. ಅಂದು ಸಂಜೆ ಮೆಟ್ರೋ ಇಳಿದು ಮನೆಗೆ ಬರುವಷ್ಟರಲ್ಲಿ ದೊಡ್ಡಪ್ಪ ಮೇಲೆ ನಮ್ಮ ಮನೆಯಲ್ಲಿ ಕುಳಿತಿದ್ದರು. ಅಮ್ಮ ಕೊಟ್ಟಿದ್ದ ಕಾಫಿ ಹಾಗೇ ಆರಿತ್ತು.

"ಡಾಕ್ಟ್ರು ಫೋನ್ ಮಾಡಿದ್ರು. ಏನಂತೆ ನಿಂದು?"

ಹೇಳಿದೆ. ಗ್ರಾಫು ತೆಗೆಯಲು ಹೋದರೆ ಕೈ ಅಡ್ಡ ಹಿಡಿದರು.

"ಅದೆಲ್ಲ ನನಗೆ ಬೇಡ. ನಮ್ಮ ಜಾಗದಲ್ಲಿ ಇರೋರ ಮೇಲೆ ನಮ್ಮನೆ ಮಗಳೇ ಹೋಗಿ ನಿಂತ್ರೆ ಊರಲ್ಲಿ ನನ್ನ ಮುಖ ಏನಾಗ್ಬೇಕು?"

"ನಾನು ಅವ್ರ ಮೇಲೆ ನಿಂತಿಲ್ಲ ದೊಡ್ಡಪ್ಪ. ಘಟಕ ಸರಿ ಮಾಡಿ ಅಂತ ಕೇಳಿದ್ದೀನಿ."

"ಅವ್ರು ಖಾಲಿ ಮಾಡ್ಕೊಂಡು ಹೋದ್ರೆ? ನೀನು ಉಂಡಿದ್ದೂ ಅದೇ ಬಾಡಿಗೆ ಅನ್ನ ಅಲ್ವಾ?"

"ಉಂಡಿದ್ದೀನಿ. ಅದಕ್ಕೇ ನಾನೇ ಹೇಳ್ಬೇಕು. ಬೇರೆಯೋರು ಬಂದು ಹೇಳೋ ತನಕ ಕಾಯಕ್ಕಾಗಲ್ಲ."

"ಬೇರೆ ಊರಿನ ಮೋರಿ ಸಿಗ್ಲಿಲ್ವಾ ನಿಂಗೆ? ಬೆಂಗಳೂರಲ್ಲಿ ಮೋರಿಗೇನು ಬರ?"

ಈ ಮಾತಿಗೆ ನಗು ಬರುವಂತಿತ್ತು, ಆದರೆ ಅವರು ಆಗಲೇ ಎದ್ದು ನಿಂತಿದ್ದರು. "ಇದನ್ನ ಇಲ್ಲಿಗೇ ಬಿಡು. ನಾನು ಕೇಳ್ತಿರೋದು ಇದೊಂದೇ" ಎಂದರು.

"ಬಿಡಲ್ಲ ದೊಡ್ಡಪ್ಪ."

ಅವರು ಅಮ್ಮನ ಕಡೆ ನೋಡಿದರು. ನಾನೂ ನೋಡಿದೆ. ಅಮ್ಮ ಆರಿದ ಕಾಫಿಯ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳು ನನ್ನ ಪರವಾಗಿ ಒಂದು ಮಾತು ಆಡಲಿಲ್ಲ ಎನ್ನುವುದು ದೊಡ್ಡಪ್ಪನ ಮಾತಿಗಿಂತ ಹೆಚ್ಚು ನೋಯಿಸಿತು. ಆದರೂ ಆ ವಾರವೂ ನಾನು ಗಂಬೂಟು ಹಾಕಿಕೊಂಡು ಮೋರಿಗೆ ಇಳಿದೆ. ದೊಡ್ಡಪ್ಪ ಹಾಲಿಗೆ ಬೇರೆ ದಾರಿ ಹಿಡಿದರು.

ಲ್ಯಾಬಿನಲ್ಲಿಯೂ ಒಂದು ಜಗಳ ಕಾದಿತ್ತು. ಈ ಲೆಕ್ಕವನ್ನೆಲ್ಲ ಸೇರಿಸಿ ನಾನು ಬರೆದಿದ್ದ ಸಂಶೋಧನಾ ಲೇಖನದಿಂದ ಊರಿನ ಹೆಸರು, ನಕ್ಷೆ ಎರಡನ್ನೂ ತೆಗೆಯಬೇಕೆಂದು ಮೇಡಂ ಹೇಳಿದರು. "ನಗರದ ಪೂರ್ವ ಭಾಗದ ಒಂದು ಕಾಲುವೆ ಅಂತ ಬರೆದ್ರೆ ಸಾಕು. ವಿಜ್ಞಾನಕ್ಕೆ ಅಷ್ಟೇ ಬೇಕಾಗಿರೋದು."

"ವಿಜ್ಞಾನಕ್ಕೆ ಸಾಕು ಮೇಡಂ. ಆ ಕೆರೆ ಕೆಳಗೆ ಸೊಪ್ಪು ಬೆಳೆಯೋರಿಗೆ ಸಾಕಾಗಲ್ಲ."

ಅವರು ಸಿಟ್ಟಾಗಲಿಲ್ಲ. ಹೆಸರು ಹಾಕಿದ ಮೇಲೆ ಏನೇನು ಬರಬಹುದು, ವಕೀಲರ ನೋಟಿಸು ಬಂದರೆ ನನ್ನ ಪದವಿ ಎಷ್ಟು ಕಾಲ ಎಳೆಯಬಹುದು ಎಂದೆಲ್ಲ ನಿಧಾನವಾಗಿ ಬಿಡಿಸಿ ಹೇಳಿದರು. ನಾನು ಹಟ ಬಿಡಲಿಲ್ಲ. ಕೊನೆಗೆ ಅವರೇ ಒಂದು ದಾರಿ ಮಾಡಿದರು. ನರ್ಸಿಂಗ್ ಹೋಮಿನ ಹೆಸರು ಬೇಡ, ಕಾಲುವೆಯ ನಕ್ಷೆ ಇರಲಿ, ನೀರು ತೆಗೆದ ಜಾಗಗಳು ನಕ್ಷೆಯಲ್ಲಿ ಕಾಣಲಿ. "ಊರಿನವರ ಮುಂದೆ ಮಾತಾಡೋದಾದ್ರೆ ಊರಿನವಳಾಗಿ ಮಾತಾಡು. ಲೆಕ್ಕದಲ್ಲಿ ಮಾತ್ರ ಯಾರೂ ಬೆರಳಿಡೋ ಹಾಗಿರಬಾರದು" ಎಂದರು.

ಅಷ್ಟರಲ್ಲಿ ಅಮ್ಮನಿಗೆ ಜ್ವರ ಬಂತು. ಜೊತೆಗೆ ಮೂತ್ರದಲ್ಲಿ ಉರಿ. ಮನೆ ಹತ್ತಿರದ ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆಗೆ ಇಳಿಯಿತು, ಮತ್ತೆ ಬಂತು. ಇನ್ನೊಬ್ಬ ಡಾಕ್ಟರು ಬರೆದ ಬೇರೆ ಮಾತ್ರೆಗೆ ಇಳಿಯಲೂ ಇಲ್ಲ. ಚಳಿ ಹಿಡಿದು ನಡುಗತೊಡಗಿದ ಮೇಲೆ ಇಂದಿರಾನಗರದ ಒಂದು ಆಸ್ಪತ್ರೆಗೆ ಸೇರಿಸಿದೆವು. ದಾರಿಯುದ್ದಕ್ಕೂ ದೊಡ್ಡಪ್ಪನೇ ಕಾರು ಓಡಿಸಿದರು. ಅಮ್ಮನನ್ನು ಕೈಯಲ್ಲಿ ಹಿಡಿದು ಇಳಿಸಿಕೊಂಡರು. ನನ್ನ ಜೊತೆ ಮಾತ್ರ ಮಾತಿಲ್ಲ.

ಮೂತ್ರ ಪರೀಕ್ಷೆಯ ವರದಿ ಬಂದಾಗ ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದೊಂದು ಔಷಧಿಯ ಹೆಸರಿನ ಮುಂದೆಯೂ ಇದು ನಾಟುವುದಿಲ್ಲ ಎಂಬ ಗುರುತು. ಕೆಳಗೆ ಕೊನೆಯ ಒಂದೆರಡು ಇಂಜೆಕ್ಷನ್ನುಗಳು ಮಾತ್ರ ನಾಟುತ್ತವೆ ಎಂದಿತ್ತು. ನಾನು ಇಡೀ ವರ್ಷ ಪರದೆಯ ಮೇಲೆ ನೋಡುತ್ತಿದ್ದ ಹೆಸರುಗಳೇ ಅವು. ಅಮ್ಮನ ಕೈಗೆ ಸೂಜಿ ಚುಚ್ಚಿ ಡ್ರಿಪ್ಪಿನಲ್ಲಿ ಅವುಗಳಲ್ಲೊಂದನ್ನು ಹನಿಹನಿಯಾಗಿ ಬಿಡುವಾಗ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಜ್ವರ ಬಿಟ್ಟ ದಿನ ಮಧ್ಯಾಹ್ನ ಅಮ್ಮ ದಿಂಬಿಗೊರಗಿ ಕುಳಿತು ಕೇಳಿದಳು. "ನೀನು ಮೋರಿಯಲ್ಲಿ ಹುಡುಕ್ತಿದ್ದೆಯಲ್ಲ, ಅದೇನಾ ನನಗೆ ಬಂದಿದ್ದು?"

"ಅದಲ್ಲಮ್ಮ. ಅದರ ಹಿಂದಿನ ಮೆಟ್ಲಿಂದು. ಅದೇ ಆಗಿದ್ದಿದ್ರೆ ಈ ಇಂಜೆಕ್ಷನ್ನೂ ನಾಟ್ತಿರ್ಲಿಲ್ಲ."

"ಆ ಮೋರಿಯಿಂದಾನೇ ಬಂತಾ?"

"ಹಂಗೆ ಹೇಳಕ್ಕಾಗಲ್ಲ. ನಮ್ಮ ಹೊಟ್ಟೆಯಲ್ಲೇ ಇದ್ದಿರ್ಬಹುದು. ಸುಮ್ಮಸುಮ್ಮನೆ ನುಂಗಿದ ಮಾತ್ರೆಗಳಿಂದ ಬೆಳೆದಿರ್ಬಹುದು. ಗೊತ್ತಿಲ್ಲ."

ಅಮ್ಮ ಡ್ರಿಪ್ಪಿನ ನಳಿಕೆಯನ್ನು ತೋರಿಸಿ, "ಈ ಇಂಜೆಕ್ಷನ್ನೂ ನಾಟದೇ ಇರೋದು ನಮ್ಮ ಮನೆ ಹಿಂದೆ ಹರೀತಿದೆ. ಹಂಗ್ತಾನೇ ನೀನು ಹೇಳೋದು?" ಎಂದಳು.

"ಹೂಂ."

"ಅವತ್ತು ನಿಮ್ಮ ದೊಡ್ಡಪ್ಪನ ಮುಂದೆ ನಾನು ಬಾಯಿ ಬಿಡ್ಲಿಲ್ಲ. ಅವ್ರಿಲ್ದಿದ್ರೆ ನಾವಿಬ್ರೂ ಎಲ್ಲಿರ್ತಿದ್ವೋ. ಅದು ಬೇರೆ, ಇದು ಬೇರೆ. ಕೆರೆ ಮೀಟಿಂಗ್ ಇದೆಯಂತಲ್ಲ, ಹೋಗಿ ಮಾತಾಡು."

ಕೆರೆಯಲ್ಲಿ ಮೀನು ಸತ್ತು ತೇಲಿದ್ದರಿಂದ ಅಪಾರ್ಟ್‌ಮೆಂಟಿನವರೂ ಊರಿನವರೂ ಸೇರಿ ಭಾನುವಾರ ಬೆಳಿಗ್ಗೆ ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ಸಭೆ ಕರೆದಿದ್ದರು. ಮಾಲಿನ್ಯ ತಡೆಯುವ ಇಲಾಖೆಯ ಇಬ್ಬರು ಅಧಿಕಾರಿಗಳೂ ಬಂದಿದ್ದರು. ಊರಿನ ಹಿರಿಯರೆಂದು ದೊಡ್ಡಪ್ಪ ಮುಂದಿನ ಸಾಲಿನಲ್ಲಿದ್ದರು, ಅವರ ಪಕ್ಕದ ಕುರ್ಚಿಯಲ್ಲಿ ಡಾಕ್ಟರು. ಎಲ್ಲರೂ ವಾಸನೆ, ಸೊಳ್ಳೆ, ಕಸದ ಲಾರಿ ಎಂದು ಮಾತಾಡಿದ ಮೇಲೆ ನಾನು ಎದ್ದು ನಿಂತೆ. ಗೆಳತಿ ಗೋಡೆಯ ಮೇಲೆ ಗ್ರಾಫು ಬೀಳಿಸಿದಳು. ದೊಡ್ಡಪ್ಪನ ಮುಖ ನೋಡಿದರೆ ಮಾತು ನಿಲ್ಲುತ್ತದೆಂದು ಗೊತ್ತಿತ್ತು. ಆದರೂ ಅವರನ್ನು ನೋಡಿಕೊಂಡೇ ಶುರು ಮಾಡಿದೆ.

ಮೇಲಿನ ಮೋರಿ, ಕೆಳಗಿನ ಮೋರಿ, ಕೆರೆಯ ಬಾಯಿ. ಯಾವ ಜೀನು, ಅದು ಏನು ಮಾಡುತ್ತದೆ, ಮನೆಗಳ ಕೊಳಚೆಯಷ್ಟೇ ಅಲ್ಲ ಎಂದು ಹೇಗೆ ಗೊತ್ತಾಯಿತು, ತಟ್ಟೆಯಲ್ಲಿ ಏನು ಬೆಳೆಯಿತು. ಕನ್ನಡದಲ್ಲೇ ಹೇಳಿದೆ. ಹಿಂದಿನ ಸಾಲಿನಲ್ಲಿ ಯಾರೋ ತಮಿಳಿನಲ್ಲಿ ಪಕ್ಕದವರಿಗೆ ಹೇಳುತ್ತಿದ್ದರು. ನಡುವೆ ಏನಿದೆ ಎಂದು ನಾನು ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಎಲ್ಲರೂ ಡಾಕ್ಟರ ಕಡೆ ತಿರುಗಿದ್ದರು.

ಅಪಾರ್ಟ್‌ಮೆಂಟಿನವರೊಬ್ಬರು ಎದ್ದರು. "ನಿಮ್ಮ ತಾಯಿಗೇ ಇದ್ರಿಂದ ಸೀರಿಯಸ್ ಆಗಿತ್ತಂತಲ್ಲ. ಅದನ್ನ ಹೇಳಿ. ಆಗ್ಲೇ ಇವ್ರಿಗೆಲ್ಲ ಅರ್ಥ ಆಗೋದು."

"ಅಮ್ಮನಿಗೆ ಬಂದಿದ್ದು ಈ ಕಾಲುವೆಯಿಂದ ಅಂತ ಹೇಳಕ್ಕೆ ನನ್ನ ಹತ್ರ ಆಧಾರ ಇಲ್ಲ."

"ಆದ್ರೂ..."

"ಇಲ್ಲದ್ದನ್ನ ಹೇಳಲ್ಲ ಸರ್."

"ನೀವು ಯಾರ ಕಡೆ ಮಾತಾಡಕ್ಕೆ ಬಂದಿದ್ದೀರ?" ಎಂದು ಅವರು ಕುಳಿತರು. ಅಂದು ನನಗೆ ಆ ಕಡೆಯಿಂದಲೂ ಬೈಗುಳ, ಈ ಕಡೆಯಿಂದಲೂ ಬೈಗುಳ.

ಡಾಕ್ಟರು ಎದ್ದು ಶಾಂತವಾಗಿ ಮಾತಾಡಿದರು. "ಈ ಹುಡುಗಿ ನಮ್ಮನೆ ಮಗು ಇದ್ದ ಹಾಗೆ. ಯಾರೋ ತಲೆಯಲ್ಲಿ ಏನೋ ತುಂಬಿದ್ದಾರೆ. ನಮ್ಮಲ್ಲಿ ಘಟಕ ಇದೆ, ಎಲ್ಲ ನಿಯಮದ ಪ್ರಕಾರ ನಡೀತಿದೆ."

"ಯಾರೂ ತುಂಬಿಲ್ಲ ಡಾಕ್ಟ್ರೇ" ಎಂದೆ. "ಇಲ್ಲಿಂದ ಐದು ನಿಮಿಷದ ದಾರಿ. ಈಗ್ಲೇ ಎಲ್ಲರೂ ಹೋಗಿ ನೋಡೋಣ. ಘಟಕ ಓಡ್ತಾ ಇದ್ರೆ ಅಲ್ಲೇ ನಿಮ್ಮ ಕಾಲಿಗೆ ಬಿದ್ದು ಕ್ಷಮೆ ಕೇಳ್ತೀನಿ."

ಸಭೆ ಗದ್ದಲವಾಯಿತು. ಅಧಿಕಾರಿಗಳಲ್ಲಿ ಹಿರಿಯವರು, "ನೋಡೋದ್ರಲ್ಲಿ ತಪ್ಪೇನಿದೆ, ಬನ್ನಿ" ಎಂದು ಎದ್ದರು. ಎಲ್ಲರೂ ರಸ್ತೆಗಿಳಿದೆವು. ನರ್ಸಿಂಗ್ ಹೋಮಿನ ಹಿಂಭಾಗಕ್ಕೆ ಕಬ್ಬಿಣದ ಗೇಟು. ಬೀಗ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಒಳಗೆ ಘಟಕದ ತೊಟ್ಟಿಗಳ ಮೇಲೆ ಮುರಿದ ಮಂಚ, ಹಳೆಯ ಹಾಸಿಗೆ ಪೇರಿಸಿದ್ದರು. ಮೋಟರಿನ ಮೇಲೆ ದಪ್ಪ ಧೂಳು. ಪಕ್ಕದಿಂದ ಒಂದು ಪೈಪು ಘಟಕದೊಳಕ್ಕೆ ಹೋಗದೆ ಗೋಡೆಯ ತೂತಿನ ಮೂಲಕ ನೇರವಾಗಿ ಕಾಲುವೆಗೆ ಹೋಗಿತ್ತು. ಅದರಲ್ಲಿ ನೀರು ಹರಿಯುವ ಸದ್ದು ಎಲ್ಲರಿಗೂ ಕೇಳುತ್ತಿತ್ತು.

"ಮೋಟರ್ ಸುಟ್ಟಿದೆ. ಪಾರ್ಟ್ಸ್ ಬರಬೇಕು" ಎಂದರು ಡಾಕ್ಟರು.

ದೊಡ್ಡಪ್ಪ ಮುಂದೆ ಬಂದು ಆ ಪೈಪನ್ನು ನೋಡಿದರು. ತಮ್ಮದೇ ಕಟ್ಟಡದ ಹಿಂದಕ್ಕೆ ಅವರು ಎಷ್ಟೋ ಕಾಲದಿಂದ ಬಂದಿರಲಿಲ್ಲವೇನೋ. ಯಾರಿಗೂ ಹೇಳದೆ ಹೊರಟುಹೋದರು.

ಆಮೇಲೆ ಅಧಿಕಾರಿಗಳ ನೋಟಿಸು ಬಂತು. ಘಟಕ ರಿಪೇರಿಯಾಯಿತು, ಪೈಪು ಮುಚ್ಚಿದರು. ಡಾಕ್ಟರು ಖಾಲಿ ಮಾಡಿಕೊಂಡು ಹೋಗಲಿಲ್ಲ, ಇವತ್ತಿಗೂ ಅಲ್ಲೇ ಇದ್ದಾರೆ. ನಾವು ಮತ್ತೆ ನೀರು ತಂದು ಓದಿಸಿದಾಗ ಕೆಳಗಿನ ಮೋರಿಯ ಕಂಬ ಇಳಿದಿತ್ತು. ಪೂರ್ತಿ ಇಳಿದಿರಲಿಲ್ಲ. ಕೆರೆಯ ಕೆಸರಿನಲ್ಲಿ ಅದು ಹಾಗೇ ಉಳಿದಿದೆ, ಮೇಲಿನ ಮೋರಿಯಲ್ಲೂ ಸ್ವಲ್ಪ ಸ್ವಲ್ಪ ಬರುತ್ತಲೇ ಇದೆ. ಒಂದು ಪೈಪು ಮುಚ್ಚಿದರೆ ಎಲ್ಲ ಮುಗಿಯುತ್ತದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಇಷ್ಟಕ್ಕೇ ಅಷ್ಟು ರಂಪ ಬೇಕಿತ್ತಾ ಎಂದು ಕೇಳುವವರಿಗೆ, ಬೇಕಿತ್ತು ಎನ್ನುತ್ತೇನೆ. ಲೇಖನ ನಕ್ಷೆಯ ಸಮೇತ ಅಚ್ಚಾಯಿತು. ವಕೀಲರ ನೋಟಿಸು ಬರಲಿಲ್ಲ.

ದೊಡ್ಡಪ್ಪ ನನ್ನೊಂದಿಗೆ ನೇರವಾಗಿ ಮಾತಾಡುವುದನ್ನು ಬಿಟ್ಟರು. ಹೇಳಬೇಕಾದ್ದನ್ನು ಅಮ್ಮನಿಗೆ ಹೇಳುತ್ತಾರೆ. "ಅವ್ಳಿಗೆ ಹೇಳು, ಗ್ಯಾಸ್ ಬಂದಿದೆ" ಎನ್ನುತ್ತಾರೆ, ನಾನು ಅಲ್ಲೇ ನಿಂತಿರುತ್ತೇನೆ. ನಾನು ಮಾತ್ರ ನೇರವಾಗಿಯೇ ಮಾತಾಡುತ್ತೇನೆ. ಉತ್ತರ ಬರುವುದಿಲ್ಲ, ಆದರೂ ಕೆಳಗಿಳಿಯುವಾಗ "ದೊಡ್ಡಪ್ಪ, ಹೋಗ್ಬರ್ತೀನಿ" ಎಂದೇ ಹೋಗುತ್ತೇನೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಇಡೀ ಊರಿನೆದುರು ಅವರ ತಲೆ ತಗ್ಗಿತು, ತಗ್ಗಿಸಿದವಳು ತಾವೇ ಓದಿಸಿದ ಹುಡುಗಿ. ಅದಕ್ಕಾಗಿ ನನಗೆ ದುಃಖವಿದೆ. ಆದರೆ ಅವತ್ತು ಸುಮ್ಮನಿರಬೇಕಿತ್ತು ಎಂದು ಒಂದು ದಿನವೂ ಅನಿಸಿಲ್ಲ.

ಈಚೆಗೆ ಕಮ್ಮನಹಳ್ಳಿಯಲ್ಲಿ ನಮ್ಮ ನೆಂಟರ ಮದುವೆಯಿತ್ತು. ಹೋಗುವುದೇ ಬೇಡವೆಂದಿದ್ದೆ. ಅಮ್ಮ ಬಿಡಲಿಲ್ಲ. ತನ್ನ ಒಳ್ಳೆಯ ಸೀರೆಯನ್ನೇ ನನಗೆ ಉಡಿಸಿ ಕರೆದುಕೊಂಡು ಹೋದಳು. ಊಟದ ಸಾಲಿನಲ್ಲಿ ನಮ್ಮ ಎದುರಿಗೆ ಕುಳಿತಿದ್ದ, ದೂರದ ಸಂಬಂಧದ ಒಬ್ಬ ಅತ್ತೆ ನನ್ನನ್ನು ನೋಡಿ ಪಕ್ಕದವರಿಗೆ ಕೇಳುವಂತೆ, "ಇವ್ಳೇ ಅಲ್ವಾ, ಸ್ವಂತ ದೊಡ್ಡಪ್ಪನ ಮರ್ಯಾದೆ ಮೋರಿಗೆ ಹಾಕಿದೋಳು?" ಎಂದರು.

ಸುತ್ತಲಿನವರು ಎಲೆಯ ಮೇಲೆ ಕೈ ನಿಲ್ಲಿಸಿದರು. ನಾನು ಉತ್ತರ ಕೊಡಲು ಬಾಯಿ ತೆರೆಯುವ ಮುಂಚೆ ಅಮ್ಮ ಹೇಳಿದಳು.

"ಇವ್ಳೇ. ನನ್ನ ಮಗಳು. ಮೋರಿಯಲ್ಲಿ ಏನಿದೆ ಅಂತ ನೋಡಿ ಹೇಳಿದ್ಳು, ಯಾರ ಮರ್ಯಾದೇನೂ ಅದಕ್ಕೆ ಹಾಕ್ಲಿಲ್ಲ." ಆಮೇಲೆ ಬಡಿಸುತ್ತಿದ್ದವನನ್ನು ಕರೆದು, "ಇಲ್ಲಿ ಇವ್ಳಿಗೆ ಇನ್ನೊಂದು ಒಬ್ಬಟ್ಟು ಹಾಕಪ್ಪ" ಎಂದಳು.

ಅವನು ಹಾಕಿದ. ನಾನು ತುಪ್ಪವನ್ನೂ ಕೇಳಿ ಹಾಕಿಸಿಕೊಂಡೆ. ಆ ಅತ್ತೆಯ ಎದುರಿಗೇ, ಅವಸರ ಮಾಡದೆ, ಎಲೆಯಲ್ಲಿದ್ದದ್ದನ್ನೆಲ್ಲ ತಿಂದು ಎದ್ದೆ.